ಬಸವಣ್ಣ: ಬಾಲ್ಯದ ನಂಬಿಕೆ ಮತ್ತು ವಿಚಾರ

ಬಸವಣ್ಣ (ಬಸವೇಶ್ವರ, ಬಸವರಾಜ, ಸಂಗನಬಸವ) 12ನೆಯ ಶತಮಾನದ ಕನ್ನಡ ವಚನಕಾರರು, ಸಮಾಜ ಸುಧಾರಕರು ಹಾಗೂ ಕಳಚುರಿ ಅರಸ ಇಮ್ಮಡಿ ಬಿಜ್ಜಳನ ಭಂಡಾರಿಯಾಗಿದ್ದವರು. ವಿಜಯಪುರ ಜಿಲ್ಲೆಯ ಬಾಗೇವಾಡಿಯು ಅವರ ಹುಟ್ಟಿನೊಂದಿಗೂ, ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನ ಕೂಡಲಸಂಗಮವು ಅವರ ವಿದ್ಯಾಭ್ಯಾಸ ಮತ್ತು ಐಕ್ಯಗಳೊಂದಿಗೂ ಸಂಬಂಧ ಹೊಂದಿವೆ. ಬಾಲ್ಯದಲ್ಲಿ ಮನೆತನದಿಂದ ಬಂದ ಆಚರಣೆಯನ್ನು ಪ್ರಶ್ನಿಸಿ ಹೊರನಡೆದ ವ್ಯಕ್ತಿಯೆಂದು ಅವರು ಪ್ರಸಿದ್ಧರು. ಅದೇ ವೇಳೆಗೆ ಉತ್ತರ ಕರ್ನಾಟಕದ ಮಕ್ಕಳು ಅವರ ಹೆಸರನ್ನು ಮೊದಲು ಕೇಳುವುದು ಹಬ್ಬದ ದಿನ ಪೂಜೆಗೊಳ್ಳುವ ಮಣ್ಣಿನ ಎತ್ತಿನ ರೂಪದಲ್ಲಿ. ಪ್ರಸ್ತುತ ಲೇಖನವು ಬಸವಣ್ಣನವರ ಜೀವನವನ್ನು, ಹಬ್ಬದ ದೇವರುಗಳ ಕುರಿತ ಬಾಲ್ಯದ ನಂಬಿಕೆ ಹಾಗೂ ಆ ನಂಬಿಕೆ ವಿಚಾರವಾಗಿ ಬೆಳೆಯುವ ಬಗೆಯ ಹಿನ್ನೆಲೆಯಲ್ಲಿ ನಿರೂಪಿಸುತ್ತದೆ.

ಜನನ ಮತ್ತು ಮನೆತನ

ಬಸವಣ್ಣನವರ ಜನನ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. 1105 ಮತ್ತು 1131 ಎಂಬ ಎರಡು ವರ್ಷಗಳು ಹೆಚ್ಚಾಗಿ ಉಲ್ಲೇಖಗೊಳ್ಳುತ್ತವೆ. ತಂದೆ ಮಾದರಸ (ಮಾದಿರಾಜ), ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಮನೆತನವು ಶೈವ ಬ್ರಾಹ್ಮಣ ಮನೆತನ. ಬಾಗೇವಾಡಿಯು ಈಗ ಅವರ ಹೆಸರಿನಿಂದಲೇ ಬಸವನ ಬಾಗೇವಾಡಿ ಎನಿಸಿಕೊಂಡಿದೆ. ಸಮೀಪದ ಇಂಗಳೇಶ್ವರವು ತಾಯಿಯ ತವರೂರೆಂದೂ ಅಲ್ಲಿಯೇ ಅವರು ಜನಿಸಿದರೆಂದೂ ಹೇಳುವ ಸಂಪ್ರದಾಯವಿದೆ.

ಬಸವ ಎಂಬ ಶಬ್ದವು ಸಂಸ್ಕೃತದ ವೃಷಭ ಶಬ್ದದ ತದ್ಭವ. ಮಾದಲಾಂಬಿಕೆಯು ಸಂತಾನಕ್ಕಾಗಿ ನಂದಿಯನ್ನು ಆರಾಧಿಸಿದಳೆಂದೂ, ಹುಟ್ಟಿದ ಮಗನಿಗೆ ಆದ್ದರಿಂದ ಬಸವನೆಂಬ ಹೆಸರು ಬಂದಿತೆಂದೂ ಪುರಾಣಗಳು ಹೇಳುತ್ತವೆ. ಎತ್ತಿನ ಹೆಸರನ್ನೇ ಹೊತ್ತ ಈ ಬಾಲಕನನ್ನು ಮುಂದೆ ನಂದಿಯ ಅವತಾರವೆಂದು ಭಾವಿಸಲು ಆ ಹೆಸರೂ ಒಂದು ಕಾರಣವಾಯಿತು.

ಉಪನಯನದ ನಿರಾಕರಣೆ

ಬಸವಣ್ಣನವರ ಬಾಲ್ಯದ ಅತ್ಯಂತ ಪ್ರಸಿದ್ಧ ಪ್ರಸಂಗ ಉಪನಯನದ ನಿರಾಕರಣೆ. ಬ್ರಾಹ್ಮಣ ಬಾಲಕರಿಗೆ ಎಂಟನೆಯ ವಯಸ್ಸಿನಲ್ಲಿ ಉಪನಯನ ಮಾಡುವುದು ಶಾಸ್ತ್ರವಿಹಿತ ಪದ್ಧತಿಯಾಗಿತ್ತು. ಬಸವ ಪುರಾಣದ ಪ್ರಕಾರ ಬಾಲಕ ಬಸವನು ಆ ಸಂಸ್ಕಾರಕ್ಕೆ ಒಪ್ಪಲಿಲ್ಲ. ತಾನು ಹುಟ್ಟಿನಿಂದಲೇ ಶಿವಭಕ್ತನಾಗಿರುವಾಗ ದಾರವೊಂದು ತನ್ನನ್ನು ಹೊಸಬನನ್ನಾಗಿ ಮಾಡಲಾರದೆಂಬುದು ಅವನ ವಾದವಾಗಿತ್ತು. ಅಕ್ಕನಿಗೆ ಇಲ್ಲದ ಸಂಸ್ಕಾರ ತನಗೇಕೆ ಎಂದು ಅವನು ಕೇಳಿದನೆಂಬ ಕಥನವೂ ಜನಪ್ರಿಯವಾಗಿದ್ದು, ಶಾಲೆಯ ಪಾಠಗಳಲ್ಲಿಯೂ ನಾಟಕಗಳಲ್ಲಿಯೂ ಇದೇ ರೂಪ ಹೆಚ್ಚು ಬಳಕೆಯಲ್ಲಿದೆ.

ಹರಿಹರನ ಬಸವರಾಜದೇವರ ರಗಳೆಯು ಈ ಘಟನೆಯನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಅದರಂತೆ ಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಉಪನಯನವೂ ನಡೆದಿತ್ತು. ಹದಿನಾರು ವರ್ಷಗಳಾದ ಮೇಲೆ, ಕರ್ಮಮಾರ್ಗವೂ ಭಕ್ತಿಯೂ ಒಂದೆಡೆ ನಿಲ್ಲಲಾರವೆಂದು ಮನಗಂಡು ಜನಿವಾರವನ್ನು ತೆಗೆದೊಗೆದು, ಬಂಧುಬಳಗ ಮತ್ತು ಆಸ್ತಿಯನ್ನು ತೊರೆದು ಊರು ಬಿಟ್ಟರು.

ಎರಡು ಕಥನಗಳಲ್ಲಿ ವಯಸ್ಸು ಬೇರೆಯಾಗಿದ್ದರೂ ಸಾರ ಒಂದೇ. ಪ್ರಶ್ನೆ ಕೇಳಿದುದಕ್ಕೆ ತೆತ್ತ ಬೆಲೆ ಮನೆಯ ಆಸರೆಯಾಗಿತ್ತು. ಬಂಧುವರ್ಗದ ಆಚರಣೆಯನ್ನು ಬಿಟ್ಟವನಿಗೆ ಆ ಬಂಧುವರ್ಗದ ನಡುವೆ ಸ್ಥಾನವಿರುತ್ತಿರಲಿಲ್ಲ. ಬಸವಣ್ಣನವರು ದೇವರನ್ನು ತೊರೆಯಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಅವರು ತೊರೆದದ್ದು ದೇವರಿಗೂ ತಮಗೂ ನಡುವೆ ನಿಂತಿದ್ದ ಕುರುಹನ್ನು ಮಾತ್ರ.

ಕೂಡಲಸಂಗಮದ ವರ್ಷಗಳು

ಮನೆ ಬಿಟ್ಟ ಬಸವಣ್ಣನವರು ಸೇರಿದ್ದು ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವನ್ನು. ಹರಿಹರನು ಇದನ್ನು ಕಪ್ಪಡಿ ಸಂಗಮವೆಂದು ಕರೆದಿದ್ದಾನೆ. ಇಲ್ಲಿಯ ಸಂಗಮೇಶ್ವರ ದೇವಾಲಯವು ಚಾಲುಕ್ಯ ಶೈಲಿಯದು. ದೇವಾಲಯದ ಸ್ಥಾನಪತಿಯಾಗಿದ್ದ ಈಶಾನ್ಯ ಗುರುಗಳ ಬಳಿ ಅವರು ವಿದ್ಯಾಭ್ಯಾಸ ಮಾಡಿದರು. ಈ ಗುರುಗಳನ್ನು ಜಾತವೇದ ಮುನಿ ಎಂದೂ ಗುರುತಿಸಲಾಗುತ್ತದೆ. ಮುಂದೆ ಅವರ ವಚನಗಳ ಅಂಕಿತವಾದ ಕೂಡಲಸಂಗಮದೇವ ಎಂಬ ಹೆಸರು ಇದೇ ಕ್ಷೇತ್ರದ್ದು.

ಸಂಗಮವನ್ನು ಸೇರುವ ಮಲಪ್ರಭಾ ನದಿಯು ಅದಕ್ಕೆ ಮುನ್ನ ಬಾದಾಮಿ ತಾಲೂಕಿನ ಪಟ್ಟದಕಲ್ಲು ಹಾಗೂ ಹುನಗುಂದ ತಾಲೂಕಿನ ಐಹೊಳೆಗಳನ್ನು ಹಾದು ಬರುತ್ತದೆ. ಬಸವಣ್ಣನವರ ಕಾಲಕ್ಕೆ ಇಲ್ಲಿಯ ಶಿಲಾದೇವಾಲಯಗಳು ಸುಮಾರು ನಾಲ್ಕೈದು ಶತಮಾನಗಳಷ್ಟು ಹಳೆಯವಾಗಿದ್ದವು. ಬಾದಾಮಿಯ ಮೊದಲನೆಯ ಗುಹೆಯ ಮೇಲ್ಛಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜನ ಶಿಲ್ಪವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಎದುರು ಬೃಹತ್ತಾದ ನಂದಿಯ ವಿಗ್ರಹವಿದೆ. ಕಲ್ಲಿನ ನಾಗ, ಕಲ್ಲಿನ ಬಸವ ಎರಡೂ ಈ ನದೀಕಣಿವೆಯ ಜನರಿಗೆ ಚಿರಪರಿಚಿತ ರೂಪಗಳು. ಇಂಥ ಪರಿಸರದಲ್ಲಿ ಬೆಳೆದ ಬಾಲಕನೊಬ್ಬ ಮುಂದೆ ಕಲ್ಲಿಗೂ ಜೀವಕ್ಕೂ ಇರುವ ವ್ಯತ್ಯಾಸವನ್ನು ತನ್ನ ವಿಚಾರದ ಕೇಂದ್ರವಾಗಿಸಿಕೊಂಡನು.

ಮಂಗಳವಾಡ ಮತ್ತು ಕಲ್ಯಾಣ

ವಿದ್ಯಾಭ್ಯಾಸದ ನಂತರ ಬಸವಣ್ಣನವರು ಬಿಜ್ಜಳನ ರಾಜಧಾನಿಯಾಗಿದ್ದ ಮಂಗಳವಾಡಕ್ಕೆ ತೆರಳಿದರು. ಈ ಊರು ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ ಕರಣಿಕರಾಗಿ ಸೇರಿ, ಲೆಕ್ಕಪತ್ರದ ದೋಷವೊಂದನ್ನು ಕಂಡುಹಿಡಿದು ಮನ್ನಣೆ ಗಳಿಸಿದರೆಂದು ಹರಿಹರನು ವರ್ಣಿಸಿದ್ದಾನೆ. ಬಸವ ಪುರಾಣದಲ್ಲಿ ಸೋದರಮಾವ ಬಲದೇವ ಮಂತ್ರಿಯ ಪ್ರಸ್ತಾಪ ಬರುತ್ತದೆ. ಗಂಗಾಂಬಿಕೆ ಮತ್ತು ನೀಲಾಂಬಿಕೆ ಅವರ ಪತ್ನಿಯರು.

ಕಲ್ಯಾಣ ಚಾಲುಕ್ಯರ ಮಾಂಡಲಿಕನಾಗಿದ್ದ ಬಿಜ್ಜಳನು 1157ರ ಸುಮಾರಿಗೆ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಬಳಿಕ ಬಸವಣ್ಣನವರ ಕಾರ್ಯಕ್ಷೇತ್ರ ಕಲ್ಯಾಣವಾಯಿತು. ಇದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಅಲ್ಲಮಪ್ರಭು, ಅಕ್ಕಮಹಾದೇವಿ, ಚನ್ನಬಸವಣ್ಣ, ಸಿದ್ಧರಾಮ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ಸೇರಿದರು. ಶರಣರ ಈ ಅನುಭಾವಗೋಷ್ಠಿಯು ಅನುಭವ ಮಂಟಪವೆಂದು ಪ್ರಸಿದ್ಧವಾಗಿದೆ. ವಿವಿಧ ವೃತ್ತಿಗಳ ಸ್ತ್ರೀಪುರುಷರು ಇಲ್ಲಿ ಸಮಾನರಾಗಿ ಕುಳಿತು ಚರ್ಚಿಸಿದರೆಂದು ಸಂಪ್ರದಾಯವು ಹೇಳುತ್ತದೆ. ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಕಾಯಕ ಮತ್ತು ಗಳಿಕೆಯನ್ನು ಹಂಚಿಕೊಳ್ಳುವ ದಾಸೋಹ ಈ ಚಳವಳಿಯ ಎರಡು ಮುಖ್ಯ ತತ್ತ್ವಗಳು.

ಹಬ್ಬದ ದೇವರುಗಳ ಬಗೆಗಿನ ನಿಲುವು

ಬಸವಣ್ಣನವರ ಹೆಸರಿನಲ್ಲಿ ಸುಮಾರು 1,400 ವಚನಗಳು ದೊರೆತಿವೆ. ಅವುಗಳಲ್ಲಿ ಹಲವು ನಿತ್ಯಜೀವನದ ನಂಬಿಕೆಗಳನ್ನು ನೇರವಾಗಿ ಪರೀಕ್ಷಿಸುತ್ತವೆ. ಮನೆಬಳಕೆಯ ಸಾಮಾನುಗಳನ್ನೆಲ್ಲ ದೈವವೆಂದು ಎಣಿಸುವುದನ್ನು ಅವರು ಒಪ್ಪಲಿಲ್ಲ. ಬೆಂಕಿಯ ಬಿಸಿಗೆ ರೂಪ ಕೆಡುವ, ಕಷ್ಟಕಾಲದಲ್ಲಿ ಮಾರಾಟವಾಗುವ, ಕಳ್ಳರಿಗೆ ಹೆದರಿ ನೆಲದಲ್ಲಿ ಹೂಳಲ್ಪಡುವ ವಿಗ್ರಹಗಳನ್ನು ದೇವರಿಗೆ ಸಮನೆಂದು ಹೇಗೆ ಎಣಿಸಲಿ ಎಂಬುದು ಅವರ ಇನ್ನೊಂದು ಪ್ರಶ್ನೆ.

ಇವುಗಳಲ್ಲಿ ಹೆಚ್ಚು ಪ್ರಚಲಿತವಾಗಿರುವುದು ನಾಗರಪೂಜೆಗೆ ಸಂಬಂಧಿಸಿದ ವಚನ. ಕಲ್ಲಿನಲ್ಲಿ ಕಡೆದ ನಾಗನಿಗೆ ಭಕ್ತಿಯಿಂದ ಹಾಲೆರೆಯುವ ಜನರೇ ನಿಜವಾದ ಹಾವು ಎದುರಾದಾಗ ಅದನ್ನು ಹೊಡೆಯಲು ಕೂಗುತ್ತಾರೆ, ಹಾಗೆಯೇ ಉಣ್ಣಲಾರದ ಲಿಂಗಕ್ಕೆ ನೈವೇದ್ಯವನ್ನಿಟ್ಟು ಹಸಿದು ಬಂದ ಜಂಗಮನನ್ನು ಬಾಗಿಲಿನಿಂದಲೇ ಕಳುಹಿಸುತ್ತಾರೆ ಎಂಬುದು ಅದರ ಭಾವ. ಇಲ್ಲಿ ಆಕ್ಷೇಪವಿರುವುದು ಹಬ್ಬದ ಸಂಭ್ರಮದ ಮೇಲಲ್ಲ. ಪ್ರತಿಮೆಯ ಮೇಲೆ ತೋರಿದ ಪ್ರೀತಿ ಜೀವದ ಮೇಲೆ ಹರಿಯದಿದ್ದರೆ ಆ ಪ್ರೀತಿ ಬರಿಯ ರೂಢಿಯಾಗುತ್ತದೆ ಎಂಬುದು ಅವರ ನಿಲುವು. ಬಾಲ್ಯದಲ್ಲಿ ಜನಿವಾರದ ಬಗ್ಗೆ ಎತ್ತಿದ ಪ್ರಶ್ನೆಯೇ ಪ್ರೌಢವಯಸ್ಸಿನಲ್ಲಿ ಈ ರೂಪ ಪಡೆಯಿತೆನ್ನಬಹುದು.

ಕಲ್ಯಾಣದ ದುರಂತ ಮತ್ತು ಐಕ್ಯ

ಶರಣರ ಸಮಾನತೆಯ ವಿಚಾರವು ಸಂಪ್ರದಾಯಸ್ಥರ ವಿರೋಧಕ್ಕೆ ಗುರಿಯಾಯಿತು. ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ನಡೆದ ವಿವಾಹವು ಆ ವಿರೋಧವನ್ನು ಭುಗಿಲೆಬ್ಬಿಸಿತು. ಸಾಂಪ್ರದಾಯಿಕ ಕಥನದ ಪ್ರಕಾರ ಬಿಜ್ಜಳನು ಹರಳಯ್ಯ ಮತ್ತು ಮಧುವರಸರಿಗೆ ಘೋರವಾದ ಮರಣದಂಡನೆ ವಿಧಿಸಿದನು. ಅನಂತರ ಕಲ್ಯಾಣದಲ್ಲಿ ಗಲಭೆಗಳು ನಡೆದು ಬಿಜ್ಜಳನೂ ಹತನಾದನು. ಶರಣರು ದಿಕ್ಕುಪಾಲಾದರು. ಚನ್ನಬಸವಣ್ಣನ ನೇತೃತ್ವದ ಗುಂಪು ಉತ್ತರ ಕನ್ನಡದ ಉಳವಿಯನ್ನು ಸೇರಿತು.

ಬಸವಣ್ಣನವರು ತಮ್ಮ ವಿದ್ಯಾಭೂಮಿಯಾದ ಕೂಡಲಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರು. ಐಕ್ಯದ ವರ್ಷವನ್ನು ಸಾಮಾನ್ಯವಾಗಿ 1167 ಅಥವಾ 1168 ಎಂದು ಹೇಳಲಾಗುತ್ತದೆ. ಸಂಪ್ರದಾಯದಂತೆ ಆ ದಿನ ಶ್ರಾವಣ ಶುದ್ಧ ಪಂಚಮಿ, ಅಂದರೆ ನಾಗರ ಪಂಚಮಿ.

ಪುರಾಣ ಮತ್ತು ಇತಿಹಾಸ

ಬಸವಣ್ಣನವರ ಜೀವನವನ್ನು ತಿಳಿಸುವ ಪ್ರಾಚೀನ ಕೃತಿಗಳಲ್ಲಿ ಹರಿಹರನ ರಗಳೆ, 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವ ಪುರಾಣ ಮತ್ತು 1369ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವ ಪುರಾಣ ಮುಖ್ಯವಾದವು. ಇವು ಭಕ್ತಿಕಾವ್ಯಗಳಾದ್ದರಿಂದ ಪವಾಡಗಳಿಗೆ ಹೇರಳವಾದ ಸ್ಥಾನವಿದೆ. ಜೋಳವು ಮುತ್ತುಗಳಾದ ಕಥೆ, ಜಂಗಮರಿಗೆ ದಾನ ಮಾಡಿದರೂ ಅರಸನ ಭಂಡಾರದ ಲೆಕ್ಕ ಕಡಿಮೆಯಾಗದಿದ್ದ ಕಥೆ ಮೊದಲಾದವು ಮಕ್ಕಳಿಗೆ ಇಂದಿಗೂ ಪ್ರಿಯವಾಗಿವೆ.

ಶಾಸನಗಳಲ್ಲಿ ದೊರೆಯುವ ಬಸವಣ್ಣನವರು ಪವಾಡಪುರುಷರಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗ ಸಂಗನಬಸವನನ್ನು ಹೆಸರಿಸುತ್ತದೆ. ಅವರು ಐತಿಹಾಸಿಕ ವ್ಯಕ್ತಿಯೆಂಬುದಕ್ಕೆ ಇದು ಪ್ರಬಲ ಆಧಾರ.

ವಚನಗಳು ಬಹುಕಾಲ ಮಠಗಳ ಮತ್ತು ಮನೆಗಳ ತಾಳೆಗರಿಗಳಲ್ಲಿಯೇ ಉಳಿದಿದ್ದವು. ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964) ಅವನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಸಾಮಾನ್ಯ ಓದುಗರಿಗೆ ಪುರಾಣದ ಬಸವಣ್ಣನವರ ಜೊತೆಗೆ ವಚನಗಳ ಬಸವಣ್ಣನವರೂ ದೊರೆತರು.

ಮಣ್ಣಿನ ಬಸವಣ್ಣ ಮತ್ತು ಮಕ್ಕಳ ನಂಬಿಕೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶದ ಹಳ್ಳಿಗಳಲ್ಲಿ ಮುಂಗಾರಿನ ಆರಂಭದಿಂದ ಭಾದ್ರಪದದವರೆಗೆ ಮಣ್ಣಿನ ಮೂರ್ತಿಗಳ ಪೂಜೆ ಸಾಲಾಗಿ ಬರುತ್ತದೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಲ್ಲಿ ಜೀವಂತ ಎತ್ತುಗಳನ್ನು ಸಿಂಗರಿಸಿ ಓಡಿಸಲಾಗುತ್ತದೆ. ಅನಂತರದ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಬಸವಣ್ಣನೆಂದು ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ ಮತ್ತು ಬುಟ್ಟಿಯಲ್ಲಿ ಹೊತ್ತು ತರುವ ಜೋಕುಮಾರ ಬರುತ್ತಾರೆ.

ಈ ಆಚರಣೆಗಳಲ್ಲಿ ಮಕ್ಕಳೇ ಮುಖ್ಯ ಪಾತ್ರಧಾರಿಗಳು. ಕೆರೆದಂಡೆಯ ಮಣ್ಣು ತಂದು ಎತ್ತಿನ ಕೋಡು ತಿದ್ದುವ ಮಗುವಿಗೆ ಅದು ಮಣ್ಣೆಂದು ಗೊತ್ತು, ದೇವರೆಂದೂ ಗೊತ್ತು. ಎರಡಕ್ಕೂ ವಿರೋಧವಿದೆಯೆಂದು ಅದಕ್ಕೆ ತೋರುವುದಿಲ್ಲ. ಪಂಚಮಿಯಂದು ಮನೆಯವರ ಹೆಸರು ಹಿಡಿದು ಒಬ್ಬೊಬ್ಬರ ಪಾಲಿನ ಹಾಲನ್ನು ನಾಗಪ್ಪನಿಗೆ ಎರೆಯುವಾಗ, ನಾಗಪ್ಪ ಅದನ್ನು ಕುಡಿಯುತ್ತಾನೆಂದೇ ಎಳೆಯ ಮಕ್ಕಳು ನಂಬುತ್ತಾರೆ. ಬೆಳೆಯುತ್ತ ಹೋದಂತೆ ಹಾಲು ನೆಲದಲ್ಲಿ ಇಂಗುವುದನ್ನು, ಪೂಜಿಸಿದ ಎತ್ತನ್ನು ಕೆಲ ದಿನಗಳ ಬಳಿಕ ನೀರಿಗೆ ಬಿಡುವುದನ್ನು ಗಮನಿಸಿ ಪ್ರಶ್ನಿಸತೊಡಗುತ್ತಾರೆ. ಹಾವುಗಳು ಸರೀಸೃಪಗಳು, ಹಾಲು ಅವುಗಳ ಸಹಜ ಆಹಾರವಲ್ಲ ಎಂಬುದನ್ನು ಶಾಲೆಯಲ್ಲಿ ಕಲಿಯುತ್ತಾರೆ.

ಬಸವಣ್ಣ ಎಂಬ ಹೆಸರಿನ ಅರ್ಥವೂ ಇದೇ ವಯಸ್ಸಿನಲ್ಲಿ ಬದಲಾಗುತ್ತದೆ. ಮೊದಲು ಮಣ್ಣಿನ ಎತ್ತು, ಆಮೇಲೆ ಗುಡಿಯ ನಂದಿ, ಕೊನೆಗೆ ಪಠ್ಯಪುಸ್ತಕದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿ ಸಂಗಮದಲ್ಲಿ ಓದಿದ ಒಬ್ಬ ಮನುಷ್ಯ. ಹೀಗೆ ಹಬ್ಬದ ಮೂರ್ತಿಯಿಂದ ಐತಿಹಾಸಿಕ ವ್ಯಕ್ತಿಯ ಕಡೆಗೆ ಸಾಗುವಾಗ ಮಗು ಕಳೆದುಕೊಳ್ಳುವುದು ಒಂದು ಪವಾಡವನ್ನು. ಅದರ ಬದಲಾಗಿ ಪಡೆಯುವುದು ತನ್ನ ವಯಸ್ಸಿನಲ್ಲಿಯೇ ಪ್ರಶ್ನೆ ಕೇಳಿದ ಒಬ್ಬ ಬಾಲಕನನ್ನು.

ಬಸವ ಪಂಚಮಿ

ಬಸವಣ್ಣನವರ ಐಕ್ಯದ ದಿನವೂ ನಾಗರ ಪಂಚಮಿಯೂ ಒಂದೇ ಆಗಿರುವುದರಿಂದ, ಕರ್ನಾಟಕದ ಕೆಲವು ಬಸವಪರ ಸಂಘಟನೆಗಳು ಮತ್ತು ಮಠಗಳು ಆ ದಿನವನ್ನು ಬಸವ ಪಂಚಮಿ ಎಂದು ಆಚರಿಸುತ್ತವೆ. ಹುತ್ತಕ್ಕೂ ಕಲ್ಲಿಗೂ ಎರೆಯುವ ಹಾಲನ್ನು ಮಕ್ಕಳಿಗೆ, ರೋಗಿಗಳಿಗೆ ಮತ್ತು ಬಡವರಿಗೆ ಹಂಚುವುದು ಇದರ ಮುಖ್ಯ ಕಾರ್ಯಕ್ರಮ. ನಾಗಪ್ಪನ ಪಾಲಿನ ಹಾಲು ಹೀಗೆ ಅದನ್ನು ಎರೆಯುತ್ತಿದ್ದ ಮಕ್ಕಳ ಕೈಗೇ ಬರುತ್ತದೆ.

ಈ ಬದಲಾವಣೆಯನ್ನು ಎಲ್ಲರೂ ಒಪ್ಪಿಲ್ಲ. ನಾಗಾರಾಧನೆಯು ಬಹು ಪ್ರಾಚೀನವಾದದ್ದು. ಹೊಲಗದ್ದೆಗಳಲ್ಲಿ ದುಡಿಯುವ ಜನರ ಹಾವಿನ ಭಯ ಮತ್ತು ಸಂತಾನರಕ್ಷಣೆಯ ಹಂಬಲ ಅದರೊಂದಿಗೆ ಬೆಸೆದುಕೊಂಡಿವೆ. ಪಂಚಮಿಯು ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವೂ ಹೌದು. ಜೋಕಾಲಿ, ಶೇಂಗಾ ಮತ್ತು ಎಳ್ಳಿನ ಉಂಡಿ, ಜೋಳದ ಅಳ್ಳು, ಇಳಕಲ್ ಸೀರೆ ಇವೆಲ್ಲ ಹಬ್ಬದ ಅಂಗಗಳು. ಅನೇಕ ಮನೆಗಳಲ್ಲಿ ಅಜ್ಜಿ ನಾಗಪ್ಪನಿಗೆ ಹಾಲೆರೆಯುತ್ತಾಳೆ, ಮೊಮ್ಮಗಳು ಶಾಲೆಯಲ್ಲಿ ಹಾಲು ಕುಡಿದು ಬರುತ್ತಾಳೆ. ಎರಡೂ ಒಂದೇ ಹಬ್ಬದೊಳಗೆ ಉಳಿದುಕೊಂಡಿವೆ.

ಹೋಲಿಕೆಗಳು

ಹಬ್ಬದ ರಾತ್ರಿಯಲ್ಲಿ ಬಾಲ್ಯದ ನಂಬಿಕೆ ಸಡಿಲವಾದ ಮತ್ತೊಂದು ಪ್ರಸಿದ್ಧ ಭಾರತೀಯ ಪ್ರಸಂಗ ಆರ್ಯಸಮಾಜದ ಸ್ಥಾಪಕ ದಯಾನಂದ ಸರಸ್ವತಿಯವರದು. ಗುಜರಾತಿನ ಟಂಕಾರಾದಲ್ಲಿ ಬಾಲಕನಾಗಿದ್ದ ಮೂಲಶಂಕರನು ಶಿವರಾತ್ರಿಯ ಜಾಗರಣೆಯಲ್ಲಿ, ಲಿಂಗದ ಮೇಲೆ ಇಲಿಗಳು ಓಡಾಡುತ್ತ ನೈವೇದ್ಯವನ್ನು ತಿನ್ನುವುದನ್ನು ಕಂಡು ಮೂರ್ತಿಪೂಜೆಯನ್ನು ಸಂಶಯಿಸಿದನು. ಪಾಶ್ಚಾತ್ಯ ದೇಶಗಳ ಮಕ್ಕಳು ಕ್ರಿಸ್‌ಮಸ್‌ಗೆ ಉಡುಗೊರೆ ತರುವ ಸಾಂಟಾ ಕ್ಲಾಸ್‌ನನ್ನು ನಂಬಿ, ಬೆಳೆದ ಮೇಲೆ ಆ ಹೆಸರಿನ ಹಿಂದೆ 4ನೆಯ ಶತಮಾನದ ಮೈರಾ ನಗರದ ಬಿಷಪ್ ಸಂತ ನಿಕೋಲಸ್ ಇದ್ದನೆಂದು ತಿಳಿಯುತ್ತಾರೆ. ಆತನು ಗುಟ್ಟಾಗಿ ದಾನ ಮಾಡುತ್ತಿದ್ದನೆಂಬ ಐತಿಹ್ಯವೇ ಉಡುಗೊರೆಯ ಆಚರಣೆಗೆ ಮೂಲ. ಈ ಎಲ್ಲ ಪ್ರಸಂಗಗಳಲ್ಲಿ ನಂಬಿಕೆ ಇಲ್ಲವಾಗುವುದಕ್ಕಿಂತ ಸ್ಥಳಾಂತರಗೊಳ್ಳುವುದೇ ಹೆಚ್ಚು. ಬಸವಣ್ಣನವರಲ್ಲಿ ಅದು ಕಲ್ಲಿನಿಂದ ಜೀವಕ್ಕೆ, ಹಬ್ಬದ ದಿನದಿಂದ ದಿನನಿತ್ಯದ ಕಾಯಕಕ್ಕೆ ಸಾಗಿತು.

ಸ್ಮರಣೆ

ಬಸವ ಜಯಂತಿಯನ್ನು ವೈಶಾಖ ಶುದ್ಧ ತೃತೀಯೆಯಂದು, ಅಂದರೆ ಅಕ್ಷಯ ತೃತೀಯೆಯ ದಿನ ಆಚರಿಸಲಾಗುತ್ತದೆ. ಹರ್ಡೇಕರ್ ಮಂಜಪ್ಪನವರು (1886–1947) 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದರು. ಉತ್ತರ ಕರ್ನಾಟಕದ ರೈತರು ಆ ದಿನ ಎತ್ತುಗಳನ್ನೂ ಸಿಂಗರಿಸುವುದರಿಂದ ಬಸವ ಎಂಬ ಹೆಸರಿನ ಎರಡು ಅರ್ಥಗಳೂ ಒಂದೇ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತವೆ. ಕರ್ನಾಟಕ ಸರ್ಕಾರವು 2024ರಲ್ಲಿ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

ಕೂಡಲಸಂಗಮದ ಐಕ್ಯಸ್ಥಳವು ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನ ವ್ಯಾಪ್ತಿಗೆ ಬರುವುದರಿಂದ, ಅದರ ಸುತ್ತ ಬಾವಿಯಾಕಾರದ ಕಾಂಕ್ರೀಟ್ ಗೋಡೆಯನ್ನು ಕಟ್ಟಿ ರಕ್ಷಿಸಲಾಗಿದೆ. ಸೇತುವೆಯ ಮೂಲಕ ಸಾಗಿ ಮೆಟ್ಟಿಲುಗಳನ್ನು ಇಳಿದು ಐಕ್ಯಲಿಂಗವನ್ನು ದರ್ಶಿಸಬಹುದು. ಬಾಗಲಕೋಟೆ, ಇಳಕಲ್ ಹಾಗೂ ಸುತ್ತಲಿನ ಊರುಗಳ ಶಾಲೆಗಳಿಂದ ಮಕ್ಕಳು ಇಲ್ಲಿಗೆ ಪ್ರವಾಸ ಬರುತ್ತಾರೆ.